ಅಂಟು ಹತ್ತದ ಪುಸ್ತಕ

ಹೋದ ವಾರ ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ವಾಪಸು ಬರುವ ಟ್ರಿಪ್ಪಿನಲ್ಲಿ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ನುಗ್ಗಿತು. ಬೆಲ್ಲದ ಪಾಕ ತಳ ಹತ್ತಿದಾಗ ಬರುತ್ತದಲ್ಲ, ಅಂಥ ಸಿಹಿ ಕಮಟು. ಟಿಕೆಟ್ ಮೆಷಿನ್ ಒತ್ತುತ್ತಿದ್ದ ನನ್ನ ಬೆರಳು ನಿಂತೇ ಹೋಯಿತು. "ಕಂಡಕ್ಟ್ರಮ್ಮಾ, ನಿದ್ದೆ ಬಂತಾ? ನಂದು ಕೊಡಿ" ಎಂದು ಹಿಂದಿನ ಸೀಟಿನ ಹೆಂಗಸು ಕೂಗಿದಳು. ಕೊಟ್ಟೆ. ತಲೆ ಮಾತ್ರ ಮೂರು ವರ್ಷ ಹಿಂದಕ್ಕೆ ಹೋಗಿಬಿಟ್ಟಿತ್ತು. ನನ್ನ ಮಗಳು ಸಿಂಚನ ಎರಡನೇ ಕ್ಲಾಸಿನಲ್ಲಿದ್ದ ಮಳೆಗಾಲ ಅದು. ಮನೆಯಲ್ಲಿ ಯಾರನ್ನೂ ನಂಬದೆ ನಾನು ವಾರಗಟ್ಟಲೆ ಓಡಾಡಿದ್ದೆ.

ಕಂಡಕ್ಟರ್ ಕೆಲಸ ಹಿಡಿದವರಿಗೆ ಅನುಮಾನ ಅನ್ನುವುದು ಯೂನಿಫಾರಂ ಜೊತೆಗೇ ಬರುತ್ತದೆ. ಕಣ್ಣು ಮುಚ್ಚಿ ಕೂತವನಿಗೆ ನಿಜವಾಗಿ ನಿದ್ದೆ ಬಂದಿದೆಯೋ, ಟಿಕೆಟ್ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೋ? ಆರು ವರ್ಷ ತುಂಬಿಲ್ಲ ಅಂತ ತೊಡೆಯ ಮೇಲೆ ಕೂರಿಸಿಕೊಂಡ ಮಗುವಿನ ಕಾಲು ನೆಲಕ್ಕೆ ತಾಗುತ್ತಿದೆಯಲ್ಲ, ಅದು ಹೇಗೆ? ಆಧಾರ್ ಕಾರ್ಡಿನ ಫೋಟೋದಲ್ಲಿರುವವಳು ಇವಳೋ, ಇವಳ ತಂಗಿಯೋ? ವರ್ಷಗಟ್ಟಲೆ ಇದನ್ನೇ ಮಾಡಿದ ಮೇಲೆ ಮನೆಗೆ ಬಂದು ಯೂನಿಫಾರಂ ಬಿಚ್ಚಿಟ್ಟರೂ ಆ ಕಣ್ಣನ್ನು ಬಿಚ್ಚಿಡಲು ಆಗುವುದಿಲ್ಲ. "ಸಾರಿಗೆ ಉಪ್ಪು ಜಾಸ್ತಿ ಆದ್ರೂ ವಿಚಾರಣೆ ಮಾಡ್ತೀಯ ಕಣೇ ನೀನು" ಎಂದು ನಮ್ಮ ಮನೆಯವರು ಈಗಲೂ ರೇಗಿಸುತ್ತಾರೆ.

ನಾನು ದುದ್ದದ ಕಡೆಯವಳು. ಮದುವೆಯಾಗಿ ಬಂದದ್ದು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಿನ ಒಂದು ಹಳ್ಳಿಗೆ. ಎರಡು ಎಕರೆ ಹೊಗೆಸೊಪ್ಪು, ಸೊಪ್ಪು ಬೇಯಿಸುವ ಒಂದು ಬ್ಯಾರನ್ನು, ಹಿತ್ತಲಿನಲ್ಲಿ ಎರಡು ಹಸು. ಬೇಯಿಸುವ ಕಾಲ ಬಂತೆಂದರೆ ನಮ್ಮ ಮನೆಯವರು ಬ್ಯಾರನ್ನಿನ ಒಲೆಬಾಯಿ ಬಿಟ್ಟು ಅಲ್ಲಾಡುವುದಿಲ್ಲ. ನಾನು ಬೆಳಗಿನ ಮೊದಲ ಬಸ್ಸಿಗೆ ಡಿಪೋಗೆ ಹೊರಟರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಸಿಂಚನ ಉಳಿಯುತ್ತಿದ್ದದ್ದು ನನ್ನ ಅತ್ತೆ ಕೆಂಪಮ್ಮನ ಹತ್ತಿರ.

ಅತ್ತೆಗೆ ಒಂದಕ್ಷರ ಬಾರದು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು. ಆದರೆ ಊರಿನಲ್ಲಿ ಮದುವೆಯೆಂದರೆ ಸೋಬಾನೆ ಹೇಳಲು ಮೊದಲು ಕರೆ ಬರುವುದು ಅವರಿಗೆ. ಒಂದು ಪದ ಕಿವಿಗೆ ಬಿದ್ದರೆ ಮುಗಿಯಿತು, ಬಿಡುವುದಿಲ್ಲ. ಅವರು ಒಂದು ಸೊಲ್ಲು ಎತ್ತಿದರೆ ಹಿಂದಿನವರು ಅದನ್ನೇ ಹಿಡಿದು ತಿರುಗಿ ಹೇಳಬೇಕು. ಹಾಗೆ ಹೇಳಿ ಹೇಳಿಯೇ ಊರಿನ ಹೆಣ್ಣುಮಕ್ಕಳೆಲ್ಲ ಕಲಿತಿದ್ದಾರೆ.

ಸಿಂಚನಳನ್ನು ಓದಿಸಲು ನಾನೇ ಒಂದು ಕ್ರಮ ಮಾಡಿಕೊಂಡಿದ್ದೆ. ವಾರದ ರಜೆಯ ದಿನ ಜಗಲಿಯ ಮೇಲೆ ಕೂರಿಸಿಕೊಂಡು, ಆ ವಾರದ ಪಾಠವನ್ನು ಬೀದಿಗೆಲ್ಲ ಕೇಳುವಂತೆ ನಾನು ಎರಡು ಸಲ ಓದುವುದು. ಮಿಕ್ಕ ದಿನ ಸಂಜೆ ಅರಕಲಗೂಡು ಸ್ಟ್ಯಾಂಡಿನಲ್ಲಿ ಗಾಡಿ ಕಾಲು ಗಂಟೆ ನಿಲ್ಲುತ್ತಿತ್ತು. ಆಗ ಅತ್ತೆಯ ಬಟನ್ ಫೋನಿಗೆ ಕರೆ ಮಾಡಿ ಅವಳಿಂದ ಪಾಠ ಓದಿಸುವುದು. ಡ್ರೈವರಣ್ಣ ಟೀ ಕುಡಿದು ಬರುವಷ್ಟರಲ್ಲಿ ಒಂದು ಪುಟ ಮುಗಿಯಬೇಕು. ಎಷ್ಟು ಜನ ತಾಯಂದಿರು ಇಷ್ಟು ಮಾಡುತ್ತಾರೆ ಅಂತ ನನಗೆ ಒಳಗೊಳಗೇ ಜಂಬ.

ಆಷಾಢದಲ್ಲಿ ಒಂದು ದಿನ ಶಾಲೆಯ ಮಿಸ್ಸು ಫೋನ್ ಮಾಡಿದರು. "ಸಿಂಚನ ಓದೋದ್ರಲ್ಲಿ ತುಂಬ ಹಿಂದೆ ಇದ್ದಾಳೆ ಮೇಡಂ. ಮನೇಲಿ ಸ್ವಲ್ಪ ನೋಡ್ಕೊಳಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಸಂಜೆ ಮನೆಗೆ ಬಂದವಳೇ ಬ್ಯಾಗನ್ನು ಮೂಲೆಗೆ ಎಸೆದು ಕಿರುಚಿದೆ. "ಇನ್ನೊಂದ್ಸಲ ಇಂಗೇ ಫೋನ್ ಬರ್ಲಿ, ನಿನ್ನ ಜಯತ್ತೆ ಮನೇಗೆ ಬಿಟ್ಟು ಬತ್ತೀನಿ ನೋಡು!"

ಜಯತ್ತೆ ಎಂದರೆ ನಮ್ಮ ಮನೆಯವರ ಅಕ್ಕ ಜಯಮ್ಮ, ನನಗೆ ಜಯಕ್ಕ. ಚನ್ನರಾಯಪಟ್ಟಣದಲ್ಲಿ ಮನೆ, ಗಂಡನಿಗೆ ಕೊಬ್ಬರಿ ವ್ಯಾಪಾರ, ಮಕ್ಕಳಿಲ್ಲ. ಕೆಟ್ಟವಳಲ್ಲ, ಒಳ್ಳೆಯವಳು. ನನಗೆ ಭಯ ಇದ್ದದ್ದು ಅದಕ್ಕೇ. ಕೆಟ್ಟವಳು ಮಗುವನ್ನು ಕೇಳಿದರೆ ಕೊಡುವುದಿಲ್ಲ ಎಂದು ಜಗಳವಾಡಬಹುದು, ಒಳ್ಳೆಯವಳು ಕೇಳಿದರೆ ಏನು ಹೇಳುವುದು? ಬಂದಾಗಲೆಲ್ಲ ಅವಳದು ಒಂದೇ ಮಾತು. "ನೀನು ಡೂಟಿ ಡೂಟಿ ಅಂತ ಓಡಾಡ್ತೀಯ, ಅವ್ನು ಬ್ಯಾರನ್ ಬುಟ್ಟು ಬರಾಕಿಲ್ಲ. ಮಗೂನ ಓದ್ಸೋರು ಯಾರು ಏಳು? ನಮ್ಮನೆ ಪಕ್ಕದಲ್ಲೇ ಕಾನ್ವೆಂಟೈತೆ." ನಮ್ಮ ಮನೆಯವರು ಬೇಡ ಎಂದೂ ಹೇಳುತ್ತಿರಲಿಲ್ಲ, ಸರಿ ಎಂದೂ ಹೇಳುತ್ತಿರಲಿಲ್ಲ. "ನೋಡಾಣ ಬುಡು" ಎನ್ನುತ್ತಿದ್ದರು. ಆ "ನೋಡಾಣ" ನನ್ನ ಕಿವಿಗೆ ಅರ್ಧ ಒಪ್ಪಿಗೆಯಂತೆ ಕೇಳುತ್ತಿತ್ತು.

ಶ್ರಾವಣ ಬಂತು. ಇದ್ದಕ್ಕಿದ್ದಂತೆ ಸಿಂಚನ ಫೋನಿನಲ್ಲಿ ಗಡಗಡ ಓದತೊಡಗಿದಳು. "ಇರುವೆ ಸಂತೆಗೆ ಹೊರಟಿತು. ದಾರಿಯಲ್ಲಿ ಬೆಲ್ಲದ ಗಾಡಿ ಸಿಕ್ಕಿತು." ಒಂದು ಕಡೆ ತಡೆಯಿಲ್ಲ, ಒಂದು ತಪ್ಪಿಲ್ಲ. ನಾನು ಕುಣಿದಾಡಿಬಿಟ್ಟೆ. ಡ್ರೈವರಣ್ಣನಿಗೆ ಆವತ್ತು ಟೀ ಜೊತೆ ವಡೆಯನ್ನೂ ಕೊಡಿಸಿದೆ.

ನಾಲ್ಕು ದಿನ ಖುಷಿ ಇತ್ತು. ಐದನೇ ದಿನ ಕಿವಿಗೆ ಏನೋ ಚುಚ್ಚಿತು. ಮಗು ಪುಟ ತಿರುಗಿಸುವಾಗ ಒಂದು ಗಳಿಗೆಯಾದರೂ ನಿಲ್ಲಬೇಕಲ್ಲ? ಇವಳು ಉಸಿರೂ ಬಿಡುತ್ತಿರಲಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಸಣ್ಣದೊಂದು ರಾಗ ಬೇರೆ ಎಳೆಯುತ್ತಿದ್ದಳು. "ಯಾಕವ್ವ ರಾಗ?" ಎಂದು ಕೇಳಿದರೆ ಆ ಕಡೆ ಗಪ್‌ಚುಪ್. ಆಮೇಲೆ ಅತ್ತೆಯ ದನಿ ಕೇಳಿತು, "ಸಿಗ್ನಲ್ ಇಲ್ಲ ಕಣವ್ವ, ಮಡಗ್ತೀನಿ." ಸಿಗ್ನಲ್ ಇಲ್ಲದಿದ್ದರೆ ಸಿಗ್ನಲ್ ಇಲ್ಲ ಎಂಬ ಮಾತು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಹೇಗೆ?

ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಹೊಸದು ಹೊಸದಾಗಿತ್ತು. ನಾನೇ ಹಾಕಿದ ಖಾಕಿ ಬೈಂಡು, ಒಂದು ಮಡಿಕೆಯಿಲ್ಲ. ಮೊದಲಿಗೆ ಎಷ್ಟು ಜೋಪಾನ ಎಂದು ಮೆಚ್ಚಿಕೊಂಡೆ. ಕೈ ತೊಳೆಯುವಾಗ ಹೊಳೆಯಿತು. ಸೊಪ್ಪು ಕಟ್ಟುವ ಕಾಲದಲ್ಲಿ ನಮ್ಮ ಮನೆಯಲ್ಲಿ ಯಾವುದೂ ಸ್ವಚ್ಛ ಇರುವುದಿಲ್ಲ. ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಹುಣಸೆಹಣ್ಣು ಹಾಕಿ ತಿಕ್ಕಿದರೂ ಕಪ್ಪು ಹೋಗದು. ಚೊಂಬು, ಬಾಗಿಲ ಚಿಲಕ, ಹಾಲಿನ ಕ್ಯಾನು, ಫೋನಿನ ಬಟನ್ನು, ಎಲ್ಲಕ್ಕೂ ಕಪ್ಪು ಬೆರಳು ಬಿದ್ದಿರುತ್ತದೆ. ದಿನಾ ಅತ್ತೆಯ ಪಕ್ಕದಲ್ಲಿ ಕೂತು ಓದುವ ಮಗುವಿನ ಪುಸ್ತಕಕ್ಕೆ ಮಾತ್ರ ಒಂದು ಚುಕ್ಕೆ ಅಂಟು ಹತ್ತಿಲ್ಲ. ನನ್ನನ್ನು ಬಿಟ್ಟು ಈ ಪುಸ್ತಕವನ್ನು ಯಾರೂ ಮುಟ್ಟುತ್ತಿಲ್ಲ!

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಏನೋ ನಡೆಯುತ್ತಿದೆ, ನನ್ನ ಬೆನ್ನ ಹಿಂದೆ ನಡೆಯುತ್ತಿದೆ. ನಾನು ಅಡುಗೆಮನೆಗೆ ಹೋದರೆ ಅಜ್ಜಿ ಮೊಮ್ಮಗಳು ಮಾತು ನಿಲ್ಲಿಸುತ್ತಿದ್ದರು. ಅತ್ತೆ ಹಿತ್ತಲಿಗೆ ಹೋಗಿ ದನಿ ತಗ್ಗಿಸಿ ಫೋನಿನಲ್ಲಿ ಮಾತಾಡುತ್ತಿದ್ದರು. ಕೊನೆಯ ಕರೆ ಯಾರಿಗೆ ಎಂದು ಕದ್ದು ನೋಡಿದೆ. ನಾಚಿಕೆಯಾಗಲಿಲ್ಲವೇ ಎಂದರೆ, ಇಲ್ಲ, ಆಗ ಆಗಲಿಲ್ಲ. ಕರೆ ಜಯಕ್ಕನಿಗೆ. ಮಾರನೇ ದಿನವೂ ಅವಳಿಗೇ.

ಗೌರಿ ಹಬ್ಬಕ್ಕೆ ಜಯಕ್ಕ ತವರಿಗೆ ಬಂದಳು. ಸಿಂಚನಳಿಗೆ ಲಂಗ ಬ್ಲೌಸು ತಂದಿದ್ದಳು. ಬಾಗಿನ ಕೊಟ್ಟು ಊಟವಾದ ಮೇಲೆ ನೇರವಾಗಿ ಕೇಳಿದಳು, "ದಸರಾ ರಜೆ ಮುಗೀತಿದ್ದಂಗೆ ಕಳ್ಸಿಕೊಡಿ. ಕಾನ್ವೆಂಟಲ್ಲಿ ಮಾತಾಡಿವ್ನಿ." ನಾನು, "ಅವ್ಳೀಗ ಚೆನ್ನಾಗಿ ಓದ್ತಾಳೆ" ಎಂದೆ. "ಓದಿದ್ರೆ ಸಂತೋಷ ಕಣಮ್ಮ. ದಸರೇಲಿ ಬತ್ತೀನಿ, ನಾನೇ ಕೂರ್ಸಿ ಓದ್ಸಿ ನೋಡ್ತೀನಿ. ಓದ್ಲಿಲ್ಲಾಂದ್ರೆ ಆಮೇಲೆ ಬ್ಯಾಡ ಅನ್ಬ್ಯಾಡಿ." ನಮ್ಮ ಮನೆಯವರು ತಲೆಯಾಡಿಸಿಬಿಟ್ಟರು. ಆವಾಗಲೇ ಅತ್ತೆ ಸಿಂಚನಳ ಕಿವಿಯಲ್ಲಿ ಏನೋ ಹೇಳುತ್ತಿದ್ದದ್ದು ನನಗೆ ಅರ್ಧ ಕೇಳಿಸಿತು. "...ನಿಮ್ಮವ್ವಂಗೆ ಗೊತ್ತಾಗ್ಬಾರ್ದು."

ಎಲ್ಲವನ್ನೂ ಒಂದಕ್ಕೊಂದು ಕೂಡಿಸಿ ಲೆಕ್ಕ ಹಾಕಿದೆ. ಮಗಳಿಗೆ ಮಕ್ಕಳಿಲ್ಲ ಎಂದು ಅತ್ತೆಗೆ ಇರುವ ಸಂಕಟ ನನಗೆ ಗೊತ್ತಿತ್ತು. ಮಗುವಿಗೆ ಓದು ಬಾರದ ಹಾಗೆ ಮಾಡಿ, ನನ್ನ ಮುಂದೆ ಬರುವ ಹಾಗೆ ನಾಟಕ ಆಡಿಸಿ, ದಸರೆಯಲ್ಲಿ ಬಯಲು ಮಾಡಿ ಮಗಳ ಕೈಗೆ ಒಪ್ಪಿಸುವ ಲೆಕ್ಕಾಚಾರ. ಈಗ ಬರೆಯುವಾಗ ಎಷ್ಟು ಅಸಹ್ಯ ಅನ್ನಿಸುತ್ತದೆ. ಆಗ ಮಾತ್ರ ಅದು ಬೆಳಕಿನಷ್ಟು ಸ್ಪಷ್ಟವಾಗಿತ್ತು.

ಹಬ್ಬವಾಗಿ ಹತ್ತು ದಿನಕ್ಕೆ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತು. ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸಿ, ಡಿಪೋಗೆ ಲೆಕ್ಕ ಒಪ್ಪಿಸಿ, ಶಾಲೆ ಬಿಟ್ಟ ಸ್ವಲ್ಪ ಹೊತ್ತಿಗೇ ಊರಿಗೆ ಬಂದೆ. ಯಾರಿಗೂ ಹೇಳಲಿಲ್ಲ. ನಮ್ಮ ಬಸ್ಸಿಗೆ ಚೆಕಿಂಗಿನವರು ಹೇಳದೇ ಕೇಳದೇ ಹತ್ತುವ ಹಾಗೆ, ಮುಂಬಾಗಿಲು ಬಿಟ್ಟು ಹಿತ್ತಲ ಕಡೆಯಿಂದ ಹೋದೆ.

ಬ್ಯಾರನ್ನಿನ ಪಕ್ಕದ ಚಪ್ಪರದಲ್ಲಿ ಅತ್ತೆ ಕಾಲು ಚಾಚಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಸಿಂಚನ ಎದುರಿಗೆ ಗೋಣಿಚೀಲದ ಮೇಲೆ. ಕೈ ನಿಲ್ಲಿಸದೆ ಅತ್ತೆ ಎತ್ತಿದರು, "ಇರುವೆ ಸಂತೆಗೇ..." ಸಿಂಚನ ಹಿಡಿದಳು, "ಹೊರಟಿತು." "ದಾರಿಯಲ್ಲೀ..." "ಬೆಲ್ಲದ ಗಾಡಿ ಸಿಕ್ಕಿತು." ಥೇಟ್ ಸೋಬಾನೆ. ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ ಕಂಬದ ಮೊಳೆಗೆ ನೇತಾಡುತ್ತಿತ್ತು, ಅಂಟು ಹತ್ತಬಾರದೆಂದು.

ನಾನು ಕವರಿನಿಂದ ಪುಸ್ತಕ ಕಿತ್ತು, ಅದೇ ಪಾಠ ತೆಗೆದು, ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟೆ. "ಇದನ್ನ ಓದು." ಸಿಂಚನ ಮೊದಲ ಸಾಲಿನಿಂದ ಶುರುಮಾಡಿದಳು. "ಅದಲ್ಲ, ಇದು!" ಅವಳ ಕಣ್ಣು ತುಂಬಿತು. ಆ ಸಾಲು ಯಾವುದು ಎಂದೇ ಅವಳಿಗೆ ಗೊತ್ತಿರಲಿಲ್ಲ. ಬಿಡಿ ಅಕ್ಷರ ಅರ್ಧಂಬರ್ಧ ಬರುತ್ತಿದ್ದವು. ಕೊಂಬು, ದೀರ್ಘ, ಒತ್ತು ಬಂದರೆ ಎಲ್ಲ ಕಲಸಿಹೋಗುತ್ತಿತ್ತು.

ನಾನು ಅತ್ತೆಯ ಕಡೆ ತಿರುಗಿದೆ. ಆಡಬಾರದ್ದನ್ನು ಆಡಿಬಿಟ್ಟೆ. "ನಿಮ್ಮ ಮಗಳ ಮಡಿಲು ತುಂಬ್ಸೋಕೆ ನನ್ ಮಗಳನ್ನ ದಡ್ಡಿ ಮಾಡ್ತಿದ್ದೀರಾ ಅತ್ತೆ?"

ಅತ್ತೆ ಕೈಲಿದ್ದ ಕಡ್ಡಿಯನ್ನು ಕೆಳಗಿಟ್ಟರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ಆಷಾಡ್ದಲ್ಲಿ ಒಂದಿನ ಈ ಕೂಸು ಇಲ್ಲೇ ಕೂತ್ಕಂಡು ಅಳ್ತಿತ್ತು. ಯಾಕವ್ವಾ ಅಂದೆ. ಓದಾಕೆ ಬರಾಕಿಲ್ಲ ಅಜ್ಜಿ, ಅಮ್ಮ ನನ್ನ ಜಯತ್ತೆ ಮನೇಗೆ ಬುಟ್ಬುಡ್ತಳೆ ಅಂತು. ನಾನೇನ್ ಮಾಡ್ಲವ್ವ? ನಂಗೆ ಅಕ್ಸರ ಬತ್ತದಾ? ನಂಗೆ ಬರೋದು ಪದ ಒಂದೇಯ. ಅದನ್ನ ಎಂಗೆ ಕಲ್ತ್ನೋ ಅಂಗೇ ಏಳ್ಕೊಟ್ಟೆ."

"ಪಾಠ ನಿಮಗೆ ಹೇಗೆ ಗೊತ್ತಾಯ್ತು?"

"ನೀನೇ ಅಲ್ವಾ ವಾರಕ್ಕೊಂದ್ಸಲ ಜಗಲಿ ಮ್ಯಾಲೆ ಓದೋದು? ಒಲೆ ಮುಂದೆ ಕೂತ್ಕಂಡು ಹಿಡ್ಕಂಡೆ. ಎಲ್ಲಾ ನಿನ್ ಬಾಯಿಂದ ಬಂದಿದ್ದೇ ಕಣವ್ವ."

"ಜಯಕ್ಕಂಗೆ ದಿನಾ ಫೋನು?"

"ಮಗೀನ ಇಚಾರ ಎತ್ಬ್ಯಾಡ, ಅವ್ರವ್ವನ್ನ ಬುಟ್ಟು ಅದು ಇರಾಕಿಲ್ಲ ಅಂತ ಬೇಡ್ಕೊತಿದ್ದೆ. ಅವ್ಳು ಕೇಳ್ಲಿಲ್ಲ."

ನಾನು ಅಲ್ಲೇ ಕೂತೆ. ಹಸಿ ಸೊಪ್ಪಿನ ಮೇಲೆ ಯೂನಿಫಾರಂ ಸಮೇತ. ಮಗುವಿಗೆ ಕಳಿಸಿಬಿಡುತ್ತೇನೆ ಎಂದು ಹೆದರಿಸಿದವಳು ನಾನು. ಬರಿ ಕಿವಿಯಿಂದ ಕೇಳಿ ಓದು ಬಂತೆಂದು ನಂಬಿದವಳೂ ನಾನು. ಬಸ್ಸಿನಲ್ಲಿ ಎಲ್ಲರ ಚೀಟಿಯನ್ನೂ ಕಣ್ಣಿಟ್ಟು ನೋಡುವವಳು, ನನ್ನ ಮಗಳ ಬೆರಳು ಯಾವ ಸಾಲಿನ ಮೇಲಿದೆ ಎಂದು ಎರಡು ತಿಂಗಳಲ್ಲಿ ಒಂದು ಸಲವೂ ನೋಡಿರಲಿಲ್ಲ.

ದಸರೆಗೆ ಒಂದು ತಿಂಗಳೂ ಇರಲಿಲ್ಲ. ಫೋನಿನ ಪಾಠ ನಿಲ್ಲಿಸಿದೆ. ಡ್ರೈವರಣ್ಣ, ಡಿಪೋ, ಯಾರ್ಯಾರ ಕೈಕಾಲೋ ಹಿಡಿದು ಸಂಜೆಯ ಟ್ರಿಪ್ಪು ಬದಲಿಸಿಕೊಂಡೆ. ಟಿಕೆಟ್ ಮೆಷಿನ್ನಿನ ರೋಲು ಕೊನೆಯಲ್ಲಿ ಒಂದಿಷ್ಟು ಉಳಿಯುತ್ತದೆ, ಅದರ ಮೇಲೆ ದಿನಾ ಒಂದೊಂದು ಊರಿನ ಹೆಸರು ಬರೆದು ತಂದೆ. ಮೊದಲು ಹಾಸನ. ದುದ್ದ ಬರೆದಾಗ ಸಿಂಚನಳಿಗೆ ಒತ್ತು ಸಿಕ್ಕಿತು, "ದ ಕೆಳಗೆ ಇನ್ನೊಂದು ಕೂತೈತೆ!" ಶೆಟ್ಟಿಹಳ್ಳಿಯಲ್ಲಿ ಎರಡು ಒತ್ತು ಸಿಕ್ಕವು. ಹೊಳೆನರಸೀಪುರಕ್ಕೆ ಮೂರು ದಿನ ಬೇಕಾಯಿತು. ರಜೆಯ ದಿನ ಬಸ್ಸಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೋಗಿ ಬಂದೆ. ಬೋರ್ಡು ಬಂದರೆ ಓದುವುದು, ಬೋರ್ಡು ಇಲ್ಲದಿದ್ದರೆ ಬಸ್ಸಿನೊಳಗೆ ಬರೆದದ್ದನ್ನು ಓದುವುದು. "ಚಿಲ್ಲರೆ ಕೊಟ್ಟು ಸಹಕರಿಸಿ" ಎಂಬುದನ್ನು ಓದಿ ಮುಗಿಸುವಷ್ಟರಲ್ಲಿ ಬೂವನಹಳ್ಳಿ ದಾಟಿತ್ತು.

ಪಾಠಕ್ಕೆ ಮಾತ್ರ ಅತ್ತೆಯೇ ಬೇಕಾಯಿತು. ಬಾಯಿಪಾಠ ಹೇಗೂ ಇಬ್ಬರಿಗೂ ಬರುತ್ತಿತ್ತು. ಅತ್ತೆ ಒಂದು ಸಾಲು ಹೇಳಬೇಕು, ಅದು ಪುಟದಲ್ಲಿ ಎಲ್ಲಿದೆ ಎಂದು ಸಿಂಚನ ಬೆರಳಿಟ್ಟು ಹುಡುಕಬೇಕು. ನಾನು ಕೇಳಿಕೊಂಡಾಗ ಅತ್ತೆ, "ನಾನ್ಯಾಕೆ ಬುಡು" ಎಂದರು. ಸಿಂಚನ ಕೈ ಹಿಡಿದು ಎಳೆದ ಮೇಲೆ ಬಂದು ಕೂತರು. ಒಂದು ಸಾಲು ಹೇಳಿದರು, ತಕ್ಷಣ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದರು.

"ಯಾಕತ್ತೆ?"

"ಮುಂದಿಂದು ಬಾಯಿಗೆ ಬಂದ್ಬುಟ್ರೆ? ಆಮೇಲೆ ನಾನೇ ಏಳ್ಕೊಟ್ಟೆ ಅಂತೀಯ."

ಪ್ರತಿ ಸಾಲಿಗೂ ಹಾಗೇ. ಹೇಳುವುದು, ಸೆರಗು ಒತ್ತುವುದು. ಬೇಡ ಅತ್ತೆ ಎಂದರೂ ಬಿಡಲಿಲ್ಲ. ಪುಸ್ತಕ ಮಾತ್ರ ಮೊಳೆಯಿಂದ ಇಳಿದು ನೆಲಕ್ಕೆ ಬಂತು. ಒಂದೊಂದೇ ಪುಟಕ್ಕೆ ಕಪ್ಪು ಬೆರಳುಗಳು ಹತ್ತಿದವು, ದೊಡ್ಡವು, ಸಣ್ಣವು.

ದಸರಾ ರಜೆಯಲ್ಲಿ ಜಯಕ್ಕ ಬಂದಳು. ಕೈಯಲ್ಲಿ ಕಾನ್ವೆಂಟಿನ ಅರ್ಜಿ, ಗುಲಾಬಿ ಬಣ್ಣದ ಹೊಸ ಸ್ಕೂಲ್ ಬ್ಯಾಗು. ನಮ್ಮ ಮನೆಯವರು ಬ್ಯಾರನ್ ಬಿಟ್ಟು ಬಂದು ಜಗಲಿಯ ತುದಿಯಲ್ಲಿ ಕೂತರು. ಅತ್ತೆ ಬಾಗಿಲಿಗೆ ಒರಗಿದರು. ಜಯಕ್ಕ ಪುಸ್ತಕ ತೆಗೆದು, "ಇದೇನ್ರೇ ಇಷ್ಟು ಗಲೀಜು!" ಎನ್ನುತ್ತ ಪುಟ ಮಗುಚಿ ಕೊನೆಯ ಪಾಠಕ್ಕೆ ಹೋದಳು. ಶಾಲೆಯಲ್ಲಿ ಇನ್ನೂ ಆಗಿರದ ಪಾಠ, ನಾನು ಜಗಲಿಯಲ್ಲಿ ಒಂದು ಸಲವೂ ಓದದ ಪಾಠ.

ಪುಟದ ಮೇಲೆ ಚಿತ್ರ ಇತ್ತು. ಕಣದಲ್ಲಿ ರಾಗಿ ಹರಡಿದೆ, ಎರಡು ಎತ್ತು ದೊಡ್ಡ ಉರುಟು ಕಲ್ಲನ್ನು ಎಳೆಯುತ್ತಿವೆ. ಸಿಂಚನ ಬೆರಳಿಟ್ಟಳು. "ಅ...ಜ್ಜ. ಕ...ಣ...ದ...ಲ್ಲಿ. ರಾಗಿ. ಹ...ರ...ಡಿ...ದ." ಜಯಕ್ಕ ಹುಬ್ಬೇರಿಸಿದಳು. ಇಷ್ಟು ತಡವರಿಸಿದರೆ ಇದೆಂಥ ಓದು ಎಂಬ ಹಾಗೆ. "ಎತ್ತುಗಳು..." ಎಂದು ಸಿಂಚನ ನಿಂತಳು. ಮುಂದಿನ ಪದಕ್ಕೆ ಬೆರಳು ಅಂಟಿಕೊಂಡಿತು.

ಆ ಹೊತ್ತಿನಲ್ಲಿ ನಾನು ನೋಡಿದ್ದು ಮಗಳನ್ನಲ್ಲ, ಅತ್ತೆಯ ತುಟಿಯನ್ನು. ಹಾಳು ಕಣ್ಣು ತಾನಾಗಿಯೇ ಅಲ್ಲಿಗೆ ಹೋಯಿತು. ಅತ್ತೆ ಅದನ್ನು ಕಂಡರು. ಸೆರಗನ್ನು ಮಡಿಸಿ, ಎರಡೂ ಕೈಯಿಂದ ಬಾಯಿಗೆ ಒತ್ತಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

"ರೋ..." ಎಂದಳು ಸಿಂಚನ. "ರೋ...ಣ. ರೋಣ...ಗ." ಮತ್ತೆ ನಿಂತಳು. ನನ್ನ ಕಡೆ ನೋಡಿದಳು. "ಅಮ್ಮಾ, ಇದು ಚಿಲ್ಲರೇಲಿ ಇರೋ ಒತ್ತು ಅಲ್ವಾ?" ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "...ಲ್ಲು. ರೋಣಗಲ್ಲು. ಎತ್ತುಗಳು ರೋಣಗಲ್ಲು ಎಳೆದವು."

ಅತ್ತೆ ಗೋಡೆಯಿಂದ ತಿರುಗಿ, ಸೆರಗು ತೆಗೆದು, ಬಗ್ಗಿ ಚಿತ್ರ ನೋಡಿದರು. "ಅದು ಗುಂಡಲ್ವೇನವ್ವಾ? ಇತ್ಲಲ್ಲಿ ಬಿದ್ದದಲ್ಲ, ದಿನಾ ಮ್ಯಾಲೆ ಅತ್ತಿ ಕುಣೀತೀಯಲ್ಲ, ಗುಂಡು."

"ಇಲ್ಲ ಅಜ್ಜಿ. ಇಲ್ಲಿ ರೋಣಗಲ್ಲು ಅಂತ ಬರ್ದವ್ರೆ."

ನಮ್ಮ ಮನೆಯಲ್ಲಿ ಆ ಕಲ್ಲನ್ನು ಯಾರೂ ಹಾಗೆ ಕರೆದವರಲ್ಲ. ಈಗಂತೂ ರಾಗಿಯನ್ನು ಟಾರು ರಸ್ತೆಗೆ ಹರಡಿ ನಮ್ಮ ಬಸ್ಸಿನ ಚಕ್ರದಿಂದಲೇ ತುಳಿಸುತ್ತಾರೆ. ಆ ಪದವನ್ನು ಅವಳಿಗೆ ಅಜ್ಜಿ ಹೇಳಿಕೊಡುವಂತಿರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ. ಪುಟದಿಂದ ತಾನೇ ಎತ್ತಿಕೊಂಡಿದ್ದಳು. ನಾನು ಎಲ್ಲರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ನಮ್ಮ ಮನೆಯವರು ಗಾಬರಿಯಾಗಿ ನೀರು ತಂದುಕೊಟ್ಟರು.

ಜಯಕ್ಕ ಪುಸ್ತಕದ ಕಪ್ಪು ಬೆರಳುಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದಳು. ಆಮೇಲೆ ಅರ್ಜಿಯನ್ನು ಮಡಿಸಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. "ಇಲ್ಲೇ ಓದ್ಲಿ ಬುಡು. ನಮ್ಮನೇಲಿ ಇಷ್ಟು ಜನ ಎಲ್ಲವ್ರೆ ಓದ್ಸಾಕೆ" ಎಂದಳು. ಸ್ಕೂಲ್ ಬ್ಯಾಗನ್ನು ಸಿಂಚನಳ ಹೆಗಲಿಗೆ ತಾನೇ ಹಾಕಿದಳು. ಬಸ್ಸಿಗೆ ಬಿಡಲು ಹೋದಾಗ ಅವಳ ಕಣ್ಣು ಕೆಂಪಾಗಿತ್ತು. ಧೂಳು ಎಂದಳು. ಅವತ್ತು ಮಳೆ ಬಿದ್ದಿತ್ತು, ಧೂಳು ಎಲ್ಲಿಂದ ಬರಬೇಕು? ಈ ಸಲ ನಾನು ಕೆದಕಲಿಲ್ಲ.

ಅವತ್ತು ಸಂಜೆ ಅತ್ತೆ ತೊಟ್ಟಿಯ ಹತ್ತಿರ ಹುಣಸೆಹಣ್ಣು ಹಾಕಿ ಕೈ ತಿಕ್ಕಿಕೊಳ್ಳುತ್ತಿದ್ದರು. ನಾನು ನೀರು ಹಾಕುತ್ತ, "ತಪ್ಪಾಯ್ತು ಅತ್ತೆ" ಎಂದೆ. "ಯಾವ್ದು?" ಎಂದು ಕೇಳಿದ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೊಂದು ಚೊಂಬು ನೀರು ಹಾಕಿದೆ.

ಸಿಂಚನ ಈಗ ಐದನೇ ಕ್ಲಾಸು. ಸಂಜೆ ಜಗಲಿಯಲ್ಲಿ ಕೂತು ಅಜ್ಜಿಗೆ ಪೇಪರ್ ಓದಿ ಹೇಳುತ್ತಾಳೆ. ಅವಳು ಓದಲು ಶುರುಮಾಡಿದ ಕೂಡಲೇ, ನಾನು ಅಲ್ಲಿದ್ದರೆ, ಅತ್ತೆಯ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ. ಹೋದ ವಾರ ಆ ವಾಸನೆ ಮೈಗೆ ಹತ್ತಿಸಿಕೊಂಡೇ ಮನೆಗೆ ಬಂದವಳು ಧೈರ್ಯ ಮಾಡಿ ಕೇಳಿದೆ, ಇನ್ನೂ ಯಾಕತ್ತೆ ಅಂತ.

"ಅಬ್ಯಾಸ ಆಗೋಯ್ತು ಕಣವ್ವ, ಇನ್ನೇನಿಲ್ಲ" ಎಂದರು.

ನನಗೆ ನಂಬಿಕೆ ಬರಲಿಲ್ಲ.